ಬ್ರೇಕ್ ಡಕ್ಟ್: ಗಾಳಿ ಡಿಸ್ಕಿನ ಎಲ್ಲಿಗೆ ಬೀಳಬೇಕು?

ಬಂಪರಿನಲ್ಲಿ ಒಂದು ಬಾಯಿ, ಅಲ್ಲಿಂದ ಚಕ್ರದವರೆಗೆ ಒಂದು ಕೊಳವೆ. ಬ್ರೇಕ್ ಕೂಲಿಂಗ್ ಡಕ್ಟ್ ಎಂದರೆ ನೋಡುವುದಕ್ಕೆ ಇಷ್ಟೇ. ಆದರೆ ಕೊಳವೆಯ ಇನ್ನೊಂದು ತುದಿ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಯಾವ ಭಾಗಕ್ಕೆ ಮುಖ ಮಾಡಿದೆ ಎಂಬುದರ ಮೇಲೆ ಇಡೀ ಶ್ರಮದ ಫಲ ನಿಂತಿದೆ. ಅಲ್ಲಿಗೆ ಬರುವ ಮೊದಲು ಶಾಖದ ಲೆಕ್ಕ ಹಾಕೋಣ.

ಬೆಂಗಳೂರಿನಿಂದ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆ, ಹೋಗುವವರಿಗೆ ಚೆನ್ನೈ ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಪರಿಚಿತ ಜಾಗ. ಒಂದು ಸುತ್ತು 3.717 ಕಿಲೋಮೀಟರ್. ಚಾಲಕನೂ ಸೇರಿ 1,200 ಕಿಲೋ ತೂಗುವ ಹ್ಯಾಚ್‌ಬ್ಯಾಕ್ ಒಂದು ಅಲ್ಲಿ ಗಂಟೆಗೆ 150 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯಿತು ಎಂದುಕೊಳ್ಳಿ. ಕಳೆದ ಚಲನಶಕ್ತಿ ಸುಮಾರು 8 ಲಕ್ಷ ಜೂಲ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಶೇ 70ರಷ್ಟು ಕೆಲಸ ಮುಂದಿನ ಚಕ್ರಗಳದ್ದು ಎಂದಿಟ್ಟುಕೊಂಡರೆ, ಮುಂದಿನ ಒಂದೊಂದು ಡಿಸ್ಕಿನ ಪಾಲಿಗೆ 2.8 ಲಕ್ಷ ಜೂಲ್ ಬರುತ್ತದೆ. ಒಂದು ಕಿಲೋ ಬೀಡುಕಬ್ಬಿಣವನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 460 ಜೂಲ್ ಬೇಕು. ಡಿಸ್ಕ್ 5 ಕಿಲೋ ತೂಗಿದರೆ ಒಂದೇ ಬ್ರೇಕಿಗೆ ಅದರ ಶಾಖ 120 ಡಿಗ್ರಿಯಷ್ಟು ಏರುತ್ತದೆ, ಅದೂ ಮೂರು ಸೆಕೆಂಡಿನೊಳಗೆ!

ಈ ಏರಿಕೆಯನ್ನು ಯಾವ ಡಕ್ಟೂ ತಡೆಯಲಾರದು. ಡಕ್ಟಿನ ಕೆಲಸವಿರುವುದು ಎರಡು ತಿರುವುಗಳ ನಡುವಿನ ಓಟದಲ್ಲಿ: ಮುಂದಿನ ಬ್ರೇಕ್ ಬರುವಷ್ಟರಲ್ಲಿ ಆದಷ್ಟು ಶಾಖವನ್ನು ಹೊರಗೆ ಹಾಕುವುದು. ಹೋಗುವುದಕ್ಕಿಂತ ಬರುವುದು ಹೆಚ್ಚಾದರೆ ಸುತ್ತಿನಿಂದ ಸುತ್ತಿಗೆ ಡಿಸ್ಕ್ ಕಾಯುತ್ತಲೇ ಹೋಗುತ್ತದೆ.

ಕಾದ ಬ್ರೇಕ್ ಎರಡು ಬಗೆಯಲ್ಲಿ ಕೈಕೊಡುತ್ತದೆ, ಎರಡನ್ನೂ ಕಾಲೇ ಹೇಳುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ ಎಂದಾದರೆ, ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್ ತನ್ನ ಶಾಖದ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದುಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಆವಿಯ ಗುಳ್ಳೆಗಳು ಒತ್ತಡವನ್ನು ನುಂಗುತ್ತಿವೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ತಡೆಯಬೇಕು ಎಂಬುದು ಮಾನದಂಡ. ತೇವ ಹೀರಿದ ಆಯಿಲಿಗೆ ಈ ಮಿತಿ 155 ಮಾತ್ರ. ಆದ್ದರಿಂದ ಬಂಪರಿಗೆ ಕತ್ತರಿ ಹಾಕುವ ಮೊದಲು ಆಯಿಲ್ ಬದಲಿಸಿ, ಟ್ರ್ಯಾಕಿಗೆ ತಕ್ಕ ಪ್ಯಾಡ್ ಹಾಕಿಸಿ. ಅಷ್ಟರಲ್ಲೇ ತೊಂದರೆ ನೀಗಿದರೆ ಡಕ್ಟಿನ ಅಗತ್ಯವೇ ಇಲ್ಲ.

ಇನ್ನು ಮುಖ್ಯ ವಿಷಯ. ವೆಂಟಿಲೇಟೆಡ್ ಡಿಸ್ಕ್ ಎಂದರೆ ನಡುವೆ ರೆಕ್ಕೆಗಳಿರುವ ಎರಡು ಬಿಲ್ಲೆಗಳು. ಅದು ತಿರುಗುವಾಗ ಸೆಂಟ್ರಿಫ್ಯೂಗಲ್ ಪಂಪಿನಂತೆ ನಡುವಿನಿಂದ ಗಾಳಿಯನ್ನು ಎಳೆದು ಅಂಚಿನಿಂದ ಹೊರಕ್ಕೆ ಎಸೆಯುತ್ತದೆ. ಹಳೆಯ ಡಿಸ್ಕ್ ಒಂದನ್ನು ಕೈಯಲ್ಲಿ ಹಿಡಿದು ಒಳಬದಿಯಿಂದ ನೋಡಿ: ನಡುಭಾಗದ ಹಬ್ಬಿನ (hub) ಸುತ್ತ, ಎರಡು ಬಿಲ್ಲೆಗಳ ನಡುವೆ, ಬೆರಳು ಕಷ್ಟಪಟ್ಟು ತೂರುವಷ್ಟು ಸಂದು ಕಾಣುತ್ತದೆ. ಆ ಸಂದೇ ಪಂಪಿನ ಬಾಯಿ. ಗಾಳಿಯನ್ನು ಅಲ್ಲಿಗೆ ಕೊಡಬೇಕು. ಅಲ್ಲಿ ಹೊಕ್ಕ ಗಾಳಿ ಎರಡೂ ಬಿಲ್ಲೆಗಳನ್ನು ಒಳಗಿನಿಂದ ಸಮನಾಗಿ ತಣಿಸುತ್ತದೆ. ಅದರ ಬದಲು ಕೊಳವೆಯನ್ನು ಡಿಸ್ಕಿನ ಒಳಮೈಗೆ ನೇರವಾಗಿ ತಿರುಗಿಸಿದರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಕುದಿಯುತ್ತಿರುತ್ತದೆ. ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಸುಮ್ಮನೆ ಚಕ್ರದ ಕಡೆಗೆ ಗಾಳಿ ಬಿಡುವ ಡಕ್ಟಿನಿಂದ ಸಿಗುವ ಲಾಭ ಬಹಳ ಕಡಿಮೆ.

ಇದಕ್ಕಾಗಿ ಡಿಸ್ಕಿನ ಹಿಂದಿರುವ ತಗಡಿನ ರಕ್ಷಾಕವಚದ ಜಾಗದಲ್ಲಿ, ಕೊಳವೆ ಕೂರಿಸಲು ಕುತ್ತಿಗೆಯಿರುವ ತಟ್ಟೆಯೊಂದನ್ನು ಬೋಲ್ಟ್ ಮಾಡುತ್ತಾರೆ. ಕವಚವನ್ನು ಬರಿದೇ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ: ಬಾಲ್ ಜಾಯಿಂಟಿನ ರಬ್ಬರ್ ಮತ್ತು ಎಬಿಎಸ್ ಸೆನ್ಸರಿನ ವೈರು ಡಿಸ್ಕಿನ ಕಾವಿಗೆ ನೇರವಾಗಿ ಸಿಕ್ಕಿಬಿಡುತ್ತವೆ.

ಕೊಳವೆ ಸಿಲಿಕೋನ್ ಲೇಪಿತ ಫೈಬರ್‌ಗ್ಲಾಸಿನದ್ದಾಗಿರಲಿ. ಅಗಲದಲ್ಲಿ ಜಿಪುಣತನ ಬೇಡ: 50 ಮಿಲಿಮೀಟರಿನದ್ದಕ್ಕಿಂತ 75 ಮಿಲಿಮೀಟರಿನ ಕೊಳವೆಗೆ ಎರಡೂಕಾಲು ಪಟ್ಟು ವಿಸ್ತೀರ್ಣ. ಬಾಯಿ ಇಡಲು ಸುಲಭದ ಜಾಗ ಫಾಗ್ ಲ್ಯಾಂಪಿನ ಗೂಡು, ಏಕೆಂದರೆ ಕಾರಿನ ಮೂತಿಯ ಮೇಲೆ ಗಾಳಿಯ ಒತ್ತಡ ಹೆಚ್ಚು. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 50 ಕಿಲೋಮೀಟರಿಗೆ ಸುಮಾರು 115 ಪಾಸ್ಕಲ್ ಇದ್ದದ್ದು 100ಕ್ಕೆ 460 ದಾಟುತ್ತದೆ. ಕಾರು ನಿಂತರೆ ಡಕ್ಟೂ ನಿಂತಂತೆಯೇ. ಅದಕ್ಕೇ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಬೇಕು.

ಜೋಡಿಸಿದ ಮೇಲೆ ಸ್ಟಿಯರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ನೋಡಿ. ಸಸ್ಪೆನ್ಷನ್ ಪೂರ್ತಿ ಒತ್ತಿದಾಗಲೂ ಕೊಳವೆ ಟೈರಿಗೆ ತಾಗಬಾರದು, ಬ್ರೇಕ್ ಹೋಸನ್ನು ಉಜ್ಜಬಾರದು. ಫಲ ಸಿಕ್ಕಿದೆಯೇ ಎಂದು ತಿಳಿಯಲು ಡಿಸ್ಕಿನ ಅಂಚಿಗೆ ಶಾಖಸೂಚಕ ಬಣ್ಣ (ಕಾವಿಗೆ ತಕ್ಕಂತೆ ಬಣ್ಣ ಬದಲಿಸುವಂಥದ್ದು) ಹಚ್ಚಿ. ಹೋಲಿಕೆಗಾಗಿ ಒಂದೇ ಬದಿಗೆ ಡಕ್ಟ್ ಹಾಕಿ ಇನ್ನೊಂದನ್ನು ಹಾಗೇ ಬಿಡಬೇಡಿ; ಡಕ್ಟ್ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ ಅದೇ ಪ್ಯಾಡಿನಲ್ಲಿ ಓಡಿಸಿ ಹೋಲಿಸಿ. ಮಳೆಯಲ್ಲಿ ಊರಿಗೆ ಮರಳುವಾಗ ಎರಡೂ ಬಾಯಿಗಳನ್ನು ಮುಚ್ಚಿ. ಟ್ರ್ಯಾಕ್ ಪ್ಯಾಡ್ ತಣ್ಣಗಿದ್ದಾಗ ಹಿಡಿತ ಕಡಿಮೆ, ಅದರ ಮೇಲೆ ಕೆಸರುನೀರನ್ನೂ ಎರಚುವುದು ಬೇಡ.