ಜಾನ್ ಕೇಲನ ವಯೋಲಾದಲ್ಲಿ ಕೇಳುವ ಶ್ರುತಿ ನಮ್ಮ ತಂಬೂರಿಯದೇ?

ಪ್ರಶ್ನೆ: ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ಹಳೆಯ ಹಾಡುಗಳಲ್ಲಿ ಗಿಟಾರಿನ ಹಿಂದೆ ತಂಬೂರಿಯ ಹಾಗೆ ಏನೋ ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ. ಅದನ್ನು ನುಡಿಸಿದವನು ಜಾನ್ ಕೇಲ್ ಎಂದು ಓದಿದ್ದೇನೆ. ಭಾರತೀಯ ಸಂಗೀತದಿಂದ ಎತ್ತಿಕೊಂಡದ್ದೇ ಅದು? ‘ಶ್ರೆಕ್’ ಸಿನಿಮಾದಲ್ಲಿ ‘ಹಲ್ಲೆಲೂಯಾ’ ಹಾಡಿರುವ ಜಾನ್ ಕೇಲ್ ಕೂಡ ಇವನೇನಾ?

ಉತ್ತರ: ಎರಡನೆಯದಕ್ಕೆ ಹೌದು, ಇವನೇ. ಮೊದಲನೆಯದಕ್ಕೆ ಅರ್ಧ ಹೌದು ಅನ್ನಬಹುದು. ಉಳಿದರ್ಧಕ್ಕೆ ಒಂದು ಫ್ರಿಜ್ಜಿನ ಕಥೆಯನ್ನೂ ಹೇಳಬೇಕಾಗುತ್ತದೆ.

ಅರವತ್ತರ ದಶಕದ ರಾಕ್ ಸಂಗೀತದಲ್ಲಿ ಎಲ್ಲಿ ಶ್ರುತಿ ಕೇಳಿಸಿದರೂ ‘ರವಿಶಂಕರ್ ಪ್ರಭಾವ’ ಎಂದು ಷರಾ ಬರೆದುಬಿಡುವುದು ನಮ್ಮಲ್ಲಿ ರೂಢಿ. ಬೀಟಲ್ಸ್ ವಿಷಯದಲ್ಲಿ ಅದು ನಿಜ. ಕೇಲ್ ಬಂದ ದಾರಿ ಬೇರೆ. ಆತ ಸಿತಾರ್ ಹಿಡಿದವನಲ್ಲ, ಗುರುವನ್ನು ಹುಡುಕಿಕೊಂಡು ಭಾರತಕ್ಕೆ ಬಂದವನೂ ಅಲ್ಲ. ಹುಟ್ಟಿದ್ದು 1942ರ ಮಾರ್ಚ್ 9ರಂದು, ವೇಲ್ಸ್‌ನ ಗಾರ್ನಂಟ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ಅಪ್ಪ ಗಣಿ ಕೆಲಸಗಾರ, ಅಮ್ಮ ಶಾಲೆಯ ಟೀಚರ್. ಅಪ್ಪನಿಗೆ ಬರುತ್ತಿದ್ದುದು ಇಂಗ್ಲಿಷ್ ಮಾತ್ರ. ಅಜ್ಜಿಯ ಮನೆಯಲ್ಲಿ ಇಂಗ್ಲಿಷಿಗೆ ಪ್ರವೇಶವೇ ಇರಲಿಲ್ಲ, ಅಲ್ಲೆಲ್ಲ ವೆಲ್ಷ್. ಹಾಗಾಗಿ ಹುಡುಗ ಏಳು ವರ್ಷದವನಾಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಯುವವರೆಗೆ ಅಪ್ಪನ ಜೊತೆ ನೆಟ್ಟಗೆ ಮಾತಾಡಲೂ ಆಗುತ್ತಿರಲಿಲ್ಲ.

ವಯೋಲಾ ಆತನ ಕೈಗೆ ಬಂದದ್ದೂ ಆಯ್ಕೆಯಿಂದಲ್ಲ. ಶಾಲೆಯ ವಾದ್ಯವೃಂದದಲ್ಲಿ ಉಳಿದವರೆಲ್ಲ ತಮಗೆ ಬೇಕಾದ್ದನ್ನು ತೆಗೆದುಕೊಂಡು, ಕೊನೆಗೆ ಮಿಕ್ಕಿದ್ದು ಅದೊಂದೇ. ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ಐದು ಸ್ವರ ಕೆಳಗೆ. ಪಾಶ್ಚಾತ್ಯ ಸಂಗೀತಗಾರರು ತಮಾಷೆ ಮಾಡುವುದಕ್ಕೆಂದೇ ಇಟ್ಟುಕೊಂಡ ವಾದ್ಯ. ಅದರಲ್ಲೇ ಆತ ವೇಲ್ಸ್‌ನ ರಾಷ್ಟ್ರೀಯ ಯುವ ವಾದ್ಯವೃಂದದವರೆಗೂ ಹೋದ. ಆಮೇಲೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜು. ಅಲ್ಲಿಂದ 1963ರಲ್ಲಿ, ಸಂಗೀತ ರಚನಕಾರ ಆ್ಯರನ್ ಕೋಪ್ಲೆಂಡರ ನೆರವಿನಿಂದ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತ ಶಿಬಿರಕ್ಕೆ. ಅಲ್ಲಿ ಈತ ಬರೆದ ಒಂದು ಕೃತಿಯಲ್ಲಿ ಕೊಡಲಿಯೂ ಇತ್ತು. ಪಿಯಾನೋ ಗತಿ ಏನಾದೀತೋ ಎಂದು ಶಿಬಿರದವರು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಶೀಲ ಸಂಗೀತ ರಚನಕಾರ ಜಾನ್ ಕೇಜ್ ಒಂದು ವಿಚಿತ್ರ ಕಛೇರಿ ಏರ್ಪಡಿಸಿದ. ಫ್ರಾನ್ಸಿನ ಎರಿಕ್ ಸಾತಿ ಬರೆದ ಒಂದು ಪುಟದಷ್ಟು ಉದ್ದದ ಪಿಯಾನೋ ತುಣುಕನ್ನು 840 ಸಲ ನುಡಿಸುವುದು. ಪಿಯಾನೋ ವಾದಕರು ಸರದಿಯ ಮೇಲೆ ಬಂದು ಕೂರುತ್ತಿದ್ದರು, ಅವರಲ್ಲಿ ಕೇಲ್ ಒಬ್ಬ. ಮುಗಿಯುವ ಹೊತ್ತಿಗೆ 18 ಗಂಟೆ ದಾಟಿತ್ತು. ಟಿಕೆಟ್ ಐದು ಡಾಲರು. ಕೂತು ಕೇಳಿದ ಪ್ರತಿ 20 ನಿಮಿಷಕ್ಕೆ ಐದು ಸೆಂಟ್ ವಾಪಸ್ ಕೊಡುತ್ತಿದ್ದರು! ಮೊದಲಿನಿಂದ ಕೊನೆಯವರೆಗೆ ಕದಲದೆ ಕೂತಿದ್ದ ಏಕೈಕ ಶ್ರೋತೃವನ್ನೂ ಕೇಲನನ್ನೂ ಒಟ್ಟಿಗೆ ಕೂರಿಸಿ ಸಿಬಿಎಸ್ ಟಿವಿಯವರು ಒಂದು ಊಹೆಯಾಟದ ಕಾರ್ಯಕ್ರಮ ಮಾಡಿದರು. ಆ ವಿಡಿಯೊ ಈಗಲೂ ಅಂತರ್ಜಾಲದಲ್ಲಿದೆ. 21 ವರ್ಷದ ಹುಡುಗ ಸೂಟು ಹಾಕಿಕೊಂಡು, ಸುತ್ತಲಿನವರು ನಗುತ್ತಿದ್ದರೂ ಗಂಭೀರವಾಗಿ ಉತ್ತರ ಹೇಳುತ್ತಾನೆ. ಒಂದನ್ನೇ ಹಿಡಿದು ಕೂರುವ ಹಟ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ವಿಡಿಯೊವನ್ನೇ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಕೇಲ್ ಸೇರಿಕೊಂಡದ್ದು ಲಾ ಮಾಂಟೆ ಯಂಗ್ ಎಂಬ ಸಂಗೀತ ರಚನಕಾರನ ಗುಂಪನ್ನು. ಯಂಗ್, ಆತನ ಪತ್ನಿ ಮರಿಯನ್ ಜಝೀಲಾ, ಪಿಟೀಲು ನುಡಿಸುವ ಟೋನಿ ಕಾನ್ರಾಡ್, ತಾಳವಾದ್ಯದ ಆ್ಯಂಗಸ್ ಮೆಕ್ಲೀಸ್, ಜೊತೆಗೆ ಕೇಲ್. ಮಹಡಿಯ ಮೇಲಿನ ಒಂದು ದೊಡ್ಡ ಕೋಣೆಯಲ್ಲಿ ದಿನಾ ಸೇರಿ ಗಂಟೆಗಟ್ಟಲೆ ಒಂದೇ ಸ್ವರಸಮೂಹವನ್ನು ಹಿಡಿದು ಕೂರುವುದೇ ಇವರ ಸಂಗೀತ. ರಾಗವಿಲ್ಲ, ಆಲಾಪವಿಲ್ಲ, ಶ್ರುತಿಯಷ್ಟೇ. ಯಾರಿಗೆ ಯಾರು ಶ್ರುತಿ ಕೊಡುತ್ತಿದ್ದರು ಗೊತ್ತೇ? ಕರೆಂಟು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು. ಫ್ರಿಜ್ಜು, ಆ್ಯಂಪ್ಲಿಫೈಯರು, ಟ್ರಾನ್ಸ್‌ಫಾರ್ಮರುಗಳೆಲ್ಲ ಆ ಲೆಕ್ಕದಲ್ಲೇ ಗುನುಗುತ್ತವೆ. ಇವರು ಅದಕ್ಕೇ ತಂತಿ ಕೂಡಿಸಿಕೊಂಡರು. ಯಂಗ್ ಸಾಕಿದ್ದ ಆಮೆಯ ನೀರುತೊಟ್ಟಿಯ ಮೋಟಾರು ಕೂಡ ಈ ಗುಂಪಿನ ಶ್ರುತಿಪೆಟ್ಟಿಗೆಯಾಗಿತ್ತು. ನಮ್ಮಲ್ಲಿ ಕರೆಂಟು 50 ಆವರ್ತನದ್ದು. ಇದೇ ಗುಂಪು ಹುಬ್ಬಳ್ಳಿಯಲ್ಲಿ ಕೂತಿದ್ದರೆ ಅವರ ಷಡ್ಜ ಸುಮಾರು ಮೂರು ಸ್ವರಸ್ಥಾನ ಕೆಳಗೆ ಇರುತ್ತಿತ್ತು. ನಡುನಡುವೆ ಕರೆಂಟು ಹೋಗುತ್ತಿತ್ತು ಅನ್ನುವುದು ಬೇರೆ ಮಾತು.

ಯಂಗ್‌ನ ತಲೆಗೆ ಇದು ಹೊಕ್ಕದ್ದು ಎಲ್ಲಿಂದ? ಇಲ್ಲಿದೆ ನಿಮ್ಮ ಅರ್ಧ ಹೌದು. ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ವಾದನದ ಒಂದು ಎಲ್‌ಪಿ ಬಂದಿತ್ತು. ಪಿಟೀಲುವಾದಕ ಯೆಹೂದಿ ಮೆನುಹಿನ್ ಅದಕ್ಕೆ ಮುನ್ನುಡಿಯ ಮಾತಾಡಿದ್ದರು. ಅದನ್ನು ಕೇಳಿದ ಯಂಗ್‌ನನ್ನು ಹಿಡಿದದ್ದು ಸರೋದಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಹಿಂದಿದ್ದ ತಂಬೂರಿ. ಆದರೆ ಐಡಹೊ ರಾಜ್ಯದ ಹಳ್ಳಿಯಲ್ಲಿ ಮರದ ದಿಮ್ಮಿಗಳ ಮನೆಯಲ್ಲಿ ಹುಟ್ಟಿದ ಈತ, ಸಂದಿಗಳಲ್ಲಿ ನುಗ್ಗುವ ಗಾಳಿಯ ಶಬ್ದವನ್ನೂ ಟೆಲಿಫೋನ್ ಕಂಬಗಳ ಗುನುಗನ್ನೂ ತನ್ನ ಮೊದಲ ಪಾಠಗಳೆಂದು ಹೇಳಿಕೊಂಡಿದ್ದಾನೆ. ತಂಬೂರಿ ಆತನಿಗೆ ಕಲಿಸಿತು ಅನ್ನುವುದಕ್ಕಿಂತ, ಮೊದಲೇ ಕಿವಿಯಲ್ಲಿದ್ದುದಕ್ಕೆ ಒಂದು ವಾದ್ಯವೂ ಪರಂಪರೆಯೂ ಇದೆ ಎಂದು ತೋರಿಸಿಕೊಟ್ಟಿತು ಅನ್ನುವುದು ಸರಿ.

ಕನ್ನಡದವರಿಗೆ ಹತ್ತಿರದ ಒಂದು ಎಳೆ ಇದರ ಮುಂದಿನ ಕಥೆಯಲ್ಲಿದೆ. 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಬಂದರು. ಯಂಗ್, ಜಝೀಲಾ, ಇನ್ನೊಬ್ಬ ರಚನಕಾರ ಟೆರಿ ರೈಲಿ ಮೂವರೂ ಅವರ ಶಿಷ್ಯರಾದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನರು, ಅಬ್ದುಲ್ ಕರೀಂ ಖಾನರ ಬಂಧು. ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೇ ಮರದ ಎರಡು ಕೊಂಬೆ, ಒಂದು ಧಾರವಾಡದ ಕಡೆ ಬಾಗಿತು, ಇನ್ನೊಂದು ಮ್ಯಾನ್‌ಹಟನ್ ಕಡೆ. ಆದರೆ ಆ ಹೊತ್ತಿಗೆ ಕೇಲ್ ಆ ಕೋಣೆಯನ್ನು ಬಿಟ್ಟು ಐದು ವರ್ಷವಾಗಿತ್ತು. ಆತನ ವಯೋಲಾದಲ್ಲಿ ಕಿರಾಣಾ ಇದೆ ಎಂದು ಯಾರಾದರೂ ಬರೆದರೆ ನಂಬಬೇಡಿ.

ವಯೋಲಾಕ್ಕೆ ಆತ ಮಾಡಿದ್ದೇನು? ಪಿಟೀಲು ಜಾತಿಯ ವಾದ್ಯಗಳಲ್ಲಿ ತಂತಿ ಹೊರುವ ಕುದುರೆ ಮೇಲಕ್ಕೆ ಉಬ್ಬಿ ಬಾಗಿರುತ್ತದೆ. ಹಾಗಿರುವುದರಿಂದಲೇ ಕಮಾನು ಒಂದು ಅಥವಾ ಎರಡು ತಂತಿಯನ್ನಷ್ಟೇ ಮುಟ್ಟುತ್ತದೆ. ಕೇಲ್ ಆ ಕುದುರೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ. ಈಗ ಒಂದೇ ಎಳೆತಕ್ಕೆ ಮೂರು ತಂತಿ. ಮೇಲೆ ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿ ಏರಿಸಿದ, ಆ್ಯಂಪ್ಲಿಫೈಯರಿಗೆ ಜೋಡಿಸಿ ದನಿ ಏರಿಸಿದ. ತಂಬೂರಿಯವರು ಕುದುರೆಯ ಮೇಲೆ ತಂತಿಯಡಿ ದಾರ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ತರುತ್ತಾರಲ್ಲ, ಅವರಿಗೆ ಬೇಕಾದದ್ದು ಗಾಯಕನ ದನಿ ಕೂರಲು ಮೆತ್ತನೆಯ ಹಾಸು. ಕೇಲ್‌ಗೆ ಬೇಕಾಗಿದ್ದು ಗಾಯಕನ ಪಕ್ಕದಲ್ಲೇ ನಿಂತು ಗುರ್ರೆನ್ನುವ ದನಿ. ಇಲ್ಲಿ ತಂತಿ ವಿನಯದಿಂದ ಹಿಂದೆ ನಿಲ್ಲುವುದಿಲ್ಲ. ನಮ್ಮ ಶ್ರುತಿಗೂ ಆತನ ಶ್ರುತಿಗೂ ಇರುವ ನಿಜವಾದ ಅಂತರ ಇದು, ಮೂಲ ಯಾವುದು ಅನ್ನುವುದಕ್ಕಿಂತ ನನಗೆ ಇದೇ ಮುಖ್ಯವಾಗಿ ಕಾಣುತ್ತದೆ.

ಮುಂದೆ ಜೊತೆಗೂಡಿ ಬ್ಯಾಂಡು ಕಟ್ಟಿದ ಗಾಯಕ ಲೂ ರೀಡ್ ಜೊತೆಯ ಭೇಟಿ ಪೂರ್ತಿ ಆಕಸ್ಮಿಕ. ರೀಡ್ ಹುಟ್ಟಿದ್ದು ಕೇಲ್‌ಗಿಂತ ಒಂದೇ ವಾರ ಮೊದಲು. 1964ರಲ್ಲಿ ಪಿಕ್‌ವಿಕ್ ಎಂಬ ಅಗ್ಗದ ರೆಕಾರ್ಡ್ ಕಂಪನಿಯಲ್ಲಿ, ಆಯಾ ತಿಂಗಳು ಓಡುವ ಹಾಡುಗಳ ನಕಲು ಬರೆಯುವ ಕೆಲಸ. ಅಲ್ಲಿ ಆತ ಬರೆದ ಒಂದು ತಮಾಷೆಯ ನೃತ್ಯಗೀತೆಯ ಪ್ರಚಾರಕ್ಕೆ ಬ್ಯಾಂಡೊಂದು ಬೇಕಾಯಿತು. ಒಂದು ಪಾರ್ಟಿಯಲ್ಲಿ ಉದ್ದ ಕೂದಲಿನ ಕೇಲ್, ಕಾನ್ರಾಡ್ ಕಣ್ಣಿಗೆ ಬಿದ್ದರು. ಕೂದಲೇ ಅರ್ಹತೆ. ಗಿಟಾರ್ ಕೈಗೆ ಕೊಟ್ಟು, ಎಲ್ಲ ತಂತಿಯನ್ನೂ ಒಂದೇ ಸ್ವರಕ್ಕೆ ಕೂಡಿಸಿಕೊಳ್ಳಿ ಎಂದು ಹೇಳಿದಾಗ ಇಬ್ಬರೂ ಬೆರಗಾದರು. ಮಹಡಿಯ ಕೋಣೆಯಲ್ಲಿ ತಾವು ತಪಸ್ಸಿನಂತೆ ಮಾಡುತ್ತಿದ್ದುದನ್ನು ಇಲ್ಲೊಬ್ಬ ಪಾಪ್ ಹಾಡಿಗೆ ಲೀಲಾಜಾಲವಾಗಿ ಹಚ್ಚಿದ್ದ!

ಕೇಲ್ ಮತ್ತು ರೀಡ್ ಲಡ್ಲೋ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ ಸೇರಿದರು, ಗಿಟಾರಿಗೆ ಸ್ಟರ್ಲಿಂಗ್ ಮಾರಿಸನ್, ಡ್ರಮ್ಸ್‌ಗೆ ಕೊನೆಗೆ ಮೊರೀನ್ ಟಕರ್. ವೆಲ್ವೆಟ್ ಅಂಡರ್‌ಗ್ರೌಂಡ್ ಆದದ್ದು ಹಾಗೆ. ಕೇಲ್ ಏನು ಮಾಡಿದ ಎಂದು ಕಿವಿಯಾರೆ ತಿಳಿಯಬೇಕಾದರೆ ‘ವೀನಸ್ ಇನ್ ಫರ್ಸ್’ ಹಾಡಿನ ಎರಡು ಧ್ವನಿಮುದ್ರಣ ಒಂದಾದ ಮೇಲೊಂದು ಕೇಳಿ. 1965ರ ಜುಲೈಯಲ್ಲಿ ಆ ಬಾಡಿಗೆ ಮನೆಯಲ್ಲೇ ಮಾಡಿಟ್ಟದ್ದು ಒಂದು. ಅದರಲ್ಲಿ ಕೇಲನೇ ಹಾಡುತ್ತಾನೆ, ಹಳೆಯ ಇಂಗ್ಲಿಷ್ ಲಾವಣಿಯ ಹಾಗೆ, ಸಪ್ಪೆಯಾಗಿ. 1966ರಲ್ಲಿ ಮುದ್ರಿಸಿ 1967ರ ಮಾರ್ಚಿನಲ್ಲಿ ಆಲ್ಬಮ್ಮಿನಲ್ಲಿ ಬಂದದ್ದು ಇನ್ನೊಂದು. ಅಲ್ಲಿ ರೀಡ್ ಹಾಡುತ್ತಾನೆ, ವಯೋಲಾ ಮೊದಲ ಕ್ಷಣದಿಂದಲೇ ಕೊರೆಯುತ್ತಿರುತ್ತದೆ. ಅದೇ ಹಾಡು, ಆದರೆ ಈಗ ಕೂತಲ್ಲಿ ಕೂರಲು ಬಿಡುವುದಿಲ್ಲ. ‘ಹೆರಾಯಿನ್’ ಹಾಡಿನಲ್ಲಂತೂ ಎರಡೇ ಕಾರ್ಡಿನ (ಸ್ವರಗುಚ್ಛದ) ಕೆಳಗೆ ವಯೋಲಾ ಒಂದೇ ಸ್ವರ ಹಿಡಿದು ಕೂತಿರುತ್ತದೆ, ಕೊನೆಗೆ ಕಿರುಚಾಟಕ್ಕೆ ಇಳಿಯುತ್ತದೆ. ಆ ಗದ್ದಲದಲ್ಲಿ ಉಳಿದವರು ಏನು ನುಡಿಸುತ್ತಿದ್ದಾರೆಂದೇ ಕೇಳಿಸದೆ ಟಕರ್ ಒಂದು ಕ್ಷಣ ಡ್ರಮ್ಸ್ ನಿಲ್ಲಿಸಿಬಿಟ್ಟಿದ್ದಾಳೆ. ಅದನ್ನು ತಿದ್ದದೆ ಹಾಗೆಯೇ ಆಲ್ಬಮ್ಮಿಗೆ ಹಾಕಿದರು. ಗಮನವಿಟ್ಟರೆ ಗೊತ್ತಾಗುತ್ತದೆ.

ಎರಡನೆಯ ಆಲ್ಬಮ್ 1968ರ ಜನವರಿಯಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರೀಡ್ ಕೇಲನನ್ನು ಬ್ಯಾಂಡಿನಿಂದ ಹೊರಹಾಕಿದ. ತಾನೇ ಹೇಳಲಿಲ್ಲ, ಮಾರಿಸನ್ ಕೈಲಿ ಹೇಳಿಸಿದ. ಆಮೇಲಿನ ಆಲ್ಬಮ್ ಎಷ್ಟು ಮೆತ್ತಗಿದೆ ಎಂದರೆ, ಯಾರು ಹೋದರು ಎಂದು ಬೇರೆ ಹೇಳಬೇಕಿಲ್ಲ.

ಅಲ್ಲಿಂದಾಚೆ ಕೇಲ್ ಹೆಚ್ಚು ಬದಲಿಸಿದ್ದು ಬೇರೆಯವರ ಸಂಗೀತವನ್ನು. ನಿರ್ಮಾಪಕನಾಗಿ ದ ಸ್ಟೂಜಸ್ ತಂಡದ ಮೊದಲ ಆಲ್ಬಮ್ (1969), ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಮ್ (1975), ಮುಂದೆ ಹ್ಯಾಪಿ ಮಂಡೇಸ್ ಅವರ ಮೊದಲನೆಯದು (1987) ಎಲ್ಲವೂ ಆತನ ಕೈಯಲ್ಲಿ ಹೊರಬಂದವು. ಗಾಯಕಿ ನಿಕೋಳ ‘ದ ಮಾರ್ಬಲ್ ಇಂಡೆಕ್ಸ್’ (1968) ಇವುಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟ. ಆಕೆ ಅದರಲ್ಲಿ ಹಾರ್ಮೋನಿಯಂ ನುಡಿಸುತ್ತಾಳೆ, ಸುತ್ತಲಿನ ವಾದ್ಯಸಂಯೋಜನೆ ಕೇಲನದು. ಸ್ವಂತ ಆಲ್ಬಮ್ಮುಗಳ ಪಟ್ಟಿ ಉದ್ದವಿದೆ, ಏಳುಬೀಳೂ ಅಷ್ಟೇ. ‘ಪ್ಯಾರಿಸ್ 1919’ (1973) ಕೇಳಿದರೆ ಕೊಡಲಿ ಹಿಡಿದವನು ಇವನೇನಾ ಅನ್ನಿಸುವಷ್ಟು ಇಂಪು. ಎಪ್ಪತ್ತರ ದಶಕದ ಕೊನೆ ಕುಡಿತ, ಮಾದಕ ವಸ್ತುಗಳ ಕಾಲ. 1977ರಲ್ಲಿ ಇಂಗ್ಲೆಂಡಿನ ಕ್ರಾಯ್ಡನ್‌ನಲ್ಲಿ ವೇದಿಕೆಯ ಮೇಲೆ ಸತ್ತ ಕೋಳಿಯೊಂದರ ತಲೆ ಕತ್ತರಿಸಿದಾಗ ಜೊತೆಗಾರರಲ್ಲಿ ಕೆಲವರು ಬ್ಯಾಂಡು ಬಿಟ್ಟೇ ಹೋದರು. 1985ರಲ್ಲಿ ಮಗಳು ಹುಟ್ಟಿದ ಮೇಲೆ ಅದೆಲ್ಲ ನಿಂತಿತು.

‘ಹಲ್ಲೆಲೂಯಾ’ಕ್ಕೆ ಬಂದರೆ, ಅದನ್ನು ಬರೆದ ಕವಿ-ಗಾಯಕ ಲೆನರ್ಡ್ ಕೋಹೆನ್ 1984ರಲ್ಲಿ ಹಾಡಿದಾಗ ಅದನ್ನು ಹೆಚ್ಚಿನವರು ಗಮನಿಸಲೇ ಇಲ್ಲ. 1991ರ ಒಂದು ಗೌರವ ಸಂಕಲನಕ್ಕೆ ಹಾಡಲು ಕೇಲ್ ಸಾಹಿತ್ಯ ಕೇಳಿದಾಗ ಕೋಹೆನ್ ಪುಟಗಟ್ಟಲೆ ಚರಣಗಳನ್ನು ಫ್ಯಾಕ್ಸ್ ಮಾಡಿದರು. ಕೇಲ್ ದೇವರ ಮಾತು ಹೆಚ್ಚಿದ್ದನ್ನು ಬದಿಗಿಟ್ಟು ತುಂಟ ಚರಣಗಳನ್ನು ಆರಿಸಿಕೊಂಡು ಬರೀ ಪಿಯಾನೋದೊಂದಿಗೆ ಹಾಡಿದ. ಮುಂದೆ ಇದೇ ಹಾಡನ್ನು ಹಾಡಿದ ಗಾಯಕ ಜೆಫ್ ಬಕ್ಲಿ ಕೇಳಿ ಕಲಿತದ್ದು ಆ ಪಾಠವನ್ನು. ಇವತ್ತು ಮದುವೆ ಮನೆಯಿಂದ ರಿಯಾಲಿಟಿ ಶೋವರೆಗೆ ಹಾಡುವವರಲ್ಲಿ ಬಹುತೇಕರು ಕೇಲ್ ಕಟ್ಟಿದ ರೂಪವನ್ನೇ ಹಾಡುತ್ತಾರೆ. 2001ರ ‘ಶ್ರೆಕ್’ ಚಿತ್ರದಲ್ಲಿ ಕೇಳುವುದು ಕೇಲನ ದನಿ. ಚಿತ್ರದ ಹಾಡುಗಳ ಆಲ್ಬಮ್ಮಿನಲ್ಲಿ ಮಾತ್ರ ರೂಫಸ್ ವೇನ್‌ರೈಟ್ ಹಾಡಿದ್ದಾರೆ, ಗೊಂದಲ ಶುರುವಾದದ್ದು ಅಲ್ಲಿ.

ವೆಲ್ವೆಟ್ ಬ್ಯಾಂಡಿಗೆ ಪೋಷಕನಾಗಿದ್ದ ಚಿತ್ರಕಲಾವಿದ ಆ್ಯಂಡಿ ವಾರ್ಹಾಲ್ ತೀರಿಕೊಂಡ ಮೇಲೆ ಕೇಲ್, ರೀಡ್ ಮತ್ತೆ ಒಟ್ಟಾಗಿ 1990ರಲ್ಲಿ ಒಂದು ಆಲ್ಬಮ್ ಮಾಡಿದರು. 1993ರಲ್ಲಿ ಹಳೆಯ ಬ್ಯಾಂಡು ಯುರೋಪಿನಲ್ಲಿ ಸುತ್ತಾಡಿತು, ಜಗಳವಾಡಿ ಮತ್ತೆ ಒಡೆಯಿತು. ಕೇಲ್ ಎಂಬತ್ತು ದಾಟಿದ ಮೇಲೂ ನಿಂತಿಲ್ಲ. 2023ರಲ್ಲಿ ಒಂದು ಆಲ್ಬಮ್, 2024ರಲ್ಲಿ ಇನ್ನೊಂದು.

ಮೂಲ ಯಾರದು ಎಂಬ ನಿಮ್ಮ ಪ್ರಶ್ನೆ ಮಾತ್ರ ಆ ಮಹಡಿಯ ಕೋಣೆಯವರನ್ನೂ ಬಿಟ್ಟಿಲ್ಲ. ಅಲ್ಲಿನ ಟೇಪುಗಳೆಲ್ಲ ಯಂಗ್ ಬಳಿ ಉಳಿದವು. ಕೃತಿ ತನ್ನದು, ಉಳಿದವರು ನುಡಿಸಿದವರಷ್ಟೇ ಎಂದು ಆತನ ನಿಲುವು. ಎಲ್ಲರೂ ಸೇರಿ ಕಟ್ಟಿದ್ದು ಎಂದು ಕೇಲ್ ಮತ್ತು ಕಾನ್ರಾಡ್ ಪಟ್ಟು ಹಿಡಿದರು. 1990ರಲ್ಲಿ ಬಫೆಲೊ ನಗರದಲ್ಲಿ ಯಂಗ್‌ನ ಕಛೇರಿ ನಡೆಯುವಾಗ ಕಾನ್ರಾಡ್ ಹೊರಗೆ ಫಲಕ ಹಿಡಿದು ಧರಣಿ ನಿಂತಿದ್ದ. 1965ರ ಒಂದು ಟೇಪಿನ ಪ್ರತಿ ‘ಡೇ ಆಫ್ ನಯಾಗರಾ’ ಎಂಬ ಹೆಸರಿನಲ್ಲಿ 2000ದಲ್ಲಿ ಯಂಗ್‌ನ ಒಪ್ಪಿಗೆಯಿಲ್ಲದೆ ಹೊರಬಂತು. ಧ್ವನಿ ತೀರಾ ಕಳಪೆ, ಸುಮಾರು ಅರ್ಧ ಗಂಟೆ ಇದೆ. ಕೇಲನ ವಯೋಲಾ ಕುದುರೆ ಉಜ್ಜಿದ ಮೇಲೆ ಹೇಗಿತ್ತು ಎಂದು ಕೇಳಲು ಸದ್ಯಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಹಾಕಿಕೊಳ್ಳಿ, ಮಿಕ್ಸಿ ಕೆಟ್ಟಿತೇ ಎಂದು ಯಾರಾದರೂ ಎದ್ದು ಬಂದಾರು.