ನಾಯಿ ಮಾವಿನ ವಾಟೆ ನುಂಗಿದೆ, ಉಪ್ಪುನೀರು ಕುಡಿಸಬಹುದೇ?

ಪ್ರಶ್ನೆ: ನಿನ್ನೆ ಸಂಜೆ ಸೀಕರಣೆಗೆಂದು ಹಣ್ಣು ಹಿಂಡಿ, ವಾಟೆಗಳನ್ನು ಅಡುಗೆಮನೆಯ ಬುಟ್ಟಿಗೆ ಹಾಕಿದ್ದೆವು. ನಮ್ಮ ಎರಡು ವರ್ಷದ ನಾಯಿ, ಸುಮಾರು 12 ಕೆ.ಜಿ. ತೂಕದ್ದು, ಅದರಲ್ಲೊಂದನ್ನು ಕಚ್ಚಿಕೊಂಡು ಹೋಗಿ ನುಂಗಿಬಿಟ್ಟಿತು. ಇಂದು ಬೆಳಿಗ್ಗೆ ಎಂದಿನಂತೆ ಅನ್ನ ತಿಂದು ಆಡಿಕೊಂಡಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬಾಳೆಹಣ್ಣು ಕೊಟ್ಟರೆ ತಾನೇ ಜಾರಿ ಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಏನು ಮಾಡಲಿ?

ಉಪ್ಪುನೀರು ಖಂಡಿತ ಬೇಡ. ಬಾಳೆಹಣ್ಣನ್ನೂ ನೆಚ್ಚಿಕೊಳ್ಳಬೇಡಿ. ನಾಯಿ ಎಷ್ಟೇ ಚೂಟಿಯಾಗಿ ಓಡಾಡುತ್ತಿರಲಿ, ಇಂದೇ ಪಶುವೈದ್ಯರಿಗೆ ತೋರಿಸಿ.

ಉಪ್ಪುನೀರಿನ ಸಲಹೆ ಬಹಳ ಮನೆಗಳಲ್ಲಿ ಕೇಳಿಬರುತ್ತದೆ, ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ಕುಡಿಸಿದ ಉಪ್ಪು ವಾಂತಿಯಲ್ಲಿ ಹೊರಬರದೆ ಉಳಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ನಡುಕ ಬರುತ್ತದೆ, ಫಿಟ್ಸ್ ಬರುತ್ತದೆ, ನಾಯಿ ಸಾಯಲೂಬಹುದು. ಒಂದು ವೇಳೆ ವಾಂತಿಯಾಯಿತು ಎಂದೇ ಇಟ್ಟುಕೊಳ್ಳಿ. ಒಳಗೆ ಹೇಗೋ ಜಾರಿ ಹೋದ ವಾಟೆ ಹಿಂದಿರುಗುವಾಗ ಅನ್ನನಾಳದಲ್ಲಿ ಅಡ್ಡ ಸಿಕ್ಕಿಕೊಳ್ಳಬಹುದು. ಎದೆಗೂಡಿನೊಳಗೆ ಸಿಕ್ಕಿದ್ದನ್ನು ತೆಗೆಯುವುದು ಹೊಟ್ಟೆಯಿಂದ ತೆಗೆಯುವುದಕ್ಕಿಂತ ಕಷ್ಟ. ಹರಳೆಣ್ಣೆಯೂ ಬೇಡ. ದಾರಿ ಕಟ್ಟಿಕೊಂಡ ಕರುಳನ್ನು ಅದು ಮತ್ತಷ್ಟು ಹಿಂಡುತ್ತದೆ. ಬಾಯಿಗೆ ಬಲವಂತವಾಗಿ ಹೊಯ್ದ ಎಣ್ಣೆ ಶ್ವಾಸಕೋಶಕ್ಕೂ ಇಳಿಯಬಹುದು. ಇನ್ನು ಬಾಳೆಹಣ್ಣು ವಾಟೆಯ ಪಕ್ಕದಲ್ಲಿ ನುಸುಳಿ ಮುಂದೆ ಹೋಗುತ್ತದೆ, ವಾಟೆ ಇದ್ದಲ್ಲೇ ಇರುತ್ತದೆ. ಹೊಟ್ಟೆ ತುಂಬಿದ ನಾಯಿಗೆ ಅರಿವಳಿಕೆ ಕೊಡುವುದೂ ಅಪಾಯ. ಹಾಗಾಗಿ ವೈದ್ಯರನ್ನು ಕಾಣುವವರೆಗೆ ಏನನ್ನೂ ತಿನ್ನಿಸಬೇಡಿ.

ಬೆಳಿಗ್ಗೆ ಅನ್ನ ತಿಂದಿತು ಎಂಬುದು ನಿಮಗೆ ಸಮಾಧಾನ ತಂದಿದೆ, ನನಗೆ ತಂದಿಲ್ಲ. ವಾಟೆಯ ಗಟ್ಟಿ ಚಿಪ್ಪನ್ನೂ ಅದರ ನಾರನ್ನೂ ಜಠರದ ಆಮ್ಲ ಕರಗಿಸಲಾರದು. ಜಠರ ವಿಶಾಲವಾದ ಚೀಲ, ಅದರಿಂದ ಕರುಳಿಗೆ ಹೋಗುವ ಬಾಗಿಲು ಕಿರಿದು. ವಾಟೆ ಆ ಚೀಲದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ಮನೆ ಉರುಳಾಡಿಕೊಂಡು ಇದ್ದುಬಿಡಬಹುದು. ಒಂದು ದಿನ ಬಾಗಿಲು ದಾಟಿ ಸಣ್ಣ ಕರುಳಿನಲ್ಲಿ ಬಿರಡೆಯಂತೆ ಕೂರುತ್ತದೆ. ಅಲ್ಲಿಂದ ಮುಂದೆ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಒತ್ತಡ ಬಿದ್ದ ಕಡೆ ರಕ್ತ ಹರಿಯದೆ ಕರುಳಿನ ಗೋಡೆ ಸಾಯತೊಡಗುತ್ತದೆ.

ಹೀಗೆಯೇ ವಾಟೆ ನುಂಗಿದ್ದ ನಮ್ಮ ನಾಯಿ ಚಿನ್ನಿ ಎಂಟು ದಿನ ಚೆನ್ನಾಗಿಯೇ ಇತ್ತು. ಒಂಬತ್ತನೆಯ ದಿನ ಬೆಳಗಿನ ಜಾವ ಕುಡಿದ ನೀರೂ ವಾಂತಿಯಾಯಿತು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಮೈಮುರಿಯುತ್ತಿದೆ ಎಂದುಕೊಂಡೆ. ಅದು ಹೊಟ್ಟೆನೋವು ತಾಳಲಾರದೆ ನಾಯಿ ನಿಲ್ಲುವ ರೀತಿ ಎಂದು ವೈದ್ಯರು ಹೇಳಿದಾಗ ಮಧ್ಯಾಹ್ನವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಅವರು ಸ್ಟೀಲ್ ಟ್ರೇಯಲ್ಲಿ ವಾಟೆಯನ್ನು ತೋರಿಸಿದರು. ಬಣ್ಣ ಕಂದಾಗಿತ್ತು, ನಾರು ಮಾತ್ರ ಹಿಂಡಿ ಬಿಸಾಡಿದ ದಿನ ಇದ್ದಷ್ಟೇ ಇತ್ತು. ಅದು ಕೂತಿದ್ದ ಜಾಗದಲ್ಲಿ ಕರುಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ. ಆ ಭಾಗವನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು. ಚಿನ್ನಿ ಉಳಿಯಿತು. ಮೊದಲ ದಿನವೇ ಕರೆದೊಯ್ದಿದ್ದರೆ ಅಷ್ಟು ನೋವು ತಿನ್ನಬೇಕಾಗಿರಲಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಅದೇ ಬುಟ್ಟಿಯ ಇನ್ನೊಂದು ವಾಟೆಯನ್ನು ತೊಳೆದು ಒಯ್ಯಿರಿ. ವಾಟೆಯ ಗಾತ್ರ ಹಣ್ಣಿನ ಜಾತಿಯಿಂದ ಜಾತಿಗೆ ಬೇರೆ. ಕೈಯಲ್ಲಿ ಹಿಡಿದು ನೋಡಿದರೆ ಅವರಿಗೆ ಅಂದಾಜು ಸುಲಭವಾಗುತ್ತದೆ. ಎಕ್ಸ್‌ರೇಯಲ್ಲಿ ಲೋಹ, ಕಲ್ಲು ಎದ್ದು ಕಾಣುವಂತೆ ವಾಟೆಯಾಗಲಿ, ಬಟ್ಟೆ, ಪ್ಲಾಸ್ಟಿಕ್‌ಗಳಾಗಲಿ ಕಾಣುವುದಿಲ್ಲ. ಆದ್ದರಿಂದ ಎಕ್ಸ್‌ರೇ ಚೆನ್ನಾಗಿದ್ದರೂ ಸ್ಕ್ಯಾನಿಂಗ್ ಬರೆದುಕೊಟ್ಟರೆ ಅನುಮಾನಪಡಬೇಡಿ. ವಾಟೆ ಇನ್ನೂ ಜಠರದಲ್ಲಿದ್ದರೆ ಎಂಡೋಸ್ಕೋಪ್ (ಬಾಯಿಯ ಮೂಲಕ ಒಳಗಿಳಿಸುವ ಕ್ಯಾಮೆರಾ ಕೊಳವೆ) ಇರುವ ಕಡೆ ಕೊಯ್ಯದೆಯೇ ತೆಗೆಯಲು ಪ್ರಯತ್ನಿಸಬಹುದು. ವಾಂತಿ ಮಾಡಿಸುವ ಚುಚ್ಚುಮದ್ದು ವೈದ್ಯರಲ್ಲಿಯೂ ಇದೆ, ಆದರೆ ನುಂಗಿದ ವಸ್ತು ಯಾವುದು, ನಾಯಿಯ ಗಾತ್ರ ಎಷ್ಟು ಎಂದು ನೋಡಿ ಅವರೇ ನಿರ್ಧರಿಸಬೇಕು. ಊರಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ.

ಕಾದು ನೋಡೋಣ ಎಂದು ವೈದ್ಯರು ಮನೆಗೆ ಕಳುಹಿಸಿದರೆ ಪ್ರತಿ ಸಲದ ಮಲವನ್ನು ಕಡ್ಡಿಯಿಂದ ಕೆದಕಿ ನೋಡಿ. ಎರಡು ಬಾರಿಗಿಂತ ಹೆಚ್ಚು ವಾಂತಿ, ಊಟ ಬೇಡವೆನ್ನುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಮಲ ನಿಂತುಹೋಗುವುದು, ತಿಳಿಗೆಂಪು ಒಸಡು ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಬೇರೆ ವಸ್ತು ನುಂಗಿದ್ದರೆ ಅವಸರ ಇನ್ನೂ ಹೆಚ್ಚಿರಬಹುದು. ರಿಮೋಟ್‌ನ ಬಿಲ್ಲೆ ಬ್ಯಾಟರಿ ಅನ್ನನಾಳದಲ್ಲಿ ನಿಂತರೆ ಎರಡು ಗಂಟೆಯೊಳಗೇ ಅಲ್ಲಿ ಸುಟ್ಟಗಾಯವಾಗುತ್ತದೆ. ದಾರ ನುಂಗಿ ಅದರ ತುದಿ ಬಾಯಿಂದಲೋ ಗುದದಿಂದಲೋ ಇಣುಕುತ್ತಿದ್ದರೆ ಎಳೆಯಬೇಡಿ. ಒಳಗೆ ಬಿಗಿದುಕೊಂಡ ದಾರ ಕರುಳನ್ನು ಗರಗಸದಂತೆ ಕುಯ್ಯುತ್ತದೆ. ಇಲಿ ಪಾಷಾಣವಾದರೆ ಅದರ ಪೊಟ್ಟಣದೊಂದಿಗೇ ಓಡಿ.

ಹೊರಡುವ ಮುನ್ನ ನಿನ್ನೆ ಎಷ್ಟು ಹಣ್ಣು ಹಿಂಡಿದಿರಿ ಎಂದು ನೆನಪಿಸಿಕೊಂಡು ಬುಟ್ಟಿಯಲ್ಲಿರುವ ವಾಟೆಗಳನ್ನು ಎಣಿಸಿ. ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು, ನಾಯಿ ನುಂಗಿದ್ದು ಎರಡಿರಬಹುದು.