ಹೊಸ ವಿಂಡೋಸ್‌ನ ಮೆನು ಅಂಗಡಿ ಕೆಲಸಕ್ಕೆ ಒಗ್ಗುವ ಹಾಗೆ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕ್ಯಾನಿಂಗ್, ಪ್ರಿಂಟ್ ಇವೇ ದಿನದ ಕೆಲಸ. ಹಳೇ ಕಂಪ್ಯೂಟರ್ ತೆಗೆದು ವಿಂಡೋಸ್ 11 ಇರೋದು ತಂದಿದ್ದೀವಿ. ರೈಟ್ ಕ್ಲಿಕ್ ಮಾಡಿದ್ರೆ ಮೊದಲಿನ ಮೆನು ಬರಲ್ಲ, ಸ್ಟಾರ್ಟ್ ಬಟನ್ ಮಧ್ಯಕ್ಕೆ ಹೋಗಿದೆ. ಜನ ಕಾಯ್ತಾ ನಿಂತಿರುವಾಗ ಹುಡುಕೋದೇ ದೊಡ್ಡ ಕೆಲಸ ಆಗಿದೆ. ಹಳೇ ಥರ ಮಾಡ್ಕೊಳ್ಳೋಕೆ ಆಗುತ್ತಾ?

ಉತ್ತರ: ಪೂರ್ತಿ ಹಳೆಯದರ ಹಾಗೆ ಮಾಡಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ನಿಮ್ಮ ಕೈ ದಿನಕ್ಕೆ ಅತಿ ಹೆಚ್ಚು ಸಲ ಹೋಗುವ ಜಾಗಗಳನ್ನಷ್ಟೇ ಸರಿಮಾಡಿಕೊಂಡರೆ ಸಾಕು. ಅಂಗಡಿಯಲ್ಲಿ ಅಂಥ ಮೊದಲ ಜಾಗ ರೈಟ್ ಕ್ಲಿಕ್ ಮೆನು.

ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದಾಗ ಕಾಣುವುದು ಮೊಟಕು ಮೆನು. ಕಟ್, ಕಾಪಿ, ರಿನೇಮ್, ಡಿಲೀಟ್ ಚಿಕ್ಕ ಚಿತ್ರಗಳಾಗಿ ಒಂದೇ ಸಾಲಿನಲ್ಲಿರುತ್ತವೆ. ಉಳಿದದ್ದರಲ್ಲಿ ಬಹಳಷ್ಟು ಕೊನೆಯ 'ಶೋ ಮೋರ್ ಆಪ್ಷನ್ಸ್' ಒಳಗೆ ಸೇರಿಕೊಂಡಿದೆ. ಅದನ್ನು ಪ್ರತಿ ಸಲ ಒತ್ತಬೇಕಿಲ್ಲ. ಫೈಲನ್ನು ಮೊದಲು ಆಯ್ಕೆ ಮಾಡಿ, ಶಿಫ್ಟ್ ಕೀ ಹಿಡಿದು ರೈಟ್ ಕ್ಲಿಕ್ ಮಾಡಿ. ನೇರವಾಗಿ ಹಳೆಯ ಉದ್ದದ ಮೆನುವೇ ತೆರೆದುಕೊಳ್ಳುತ್ತದೆ. ಕೀಬೋರ್ಡಿನಿಂದಾದರೆ ಶಿಫ್ಟ್ ಜೊತೆ ಎಫ್10. ಹಳೇ ಮೆನು ವಾಪಸ್ ತರುತ್ತೇವೆನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳಿಗೆ ಕೈ ಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಊರವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳಿರುತ್ತವೆ. ಒಂದು ಮೆನುವಿಗಾಗಿ ಗುರುತು ಪರಿಚಯವಿಲ್ಲದ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳುವುದು ಬೇಡ.

ಹಳೆಯ ಮೆನು ತಡವಾಗಿ ತೆರೆದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಬೇರೆ ಪ್ರೋಗ್ರಾಮುಗಳು. ಜಿಪ್ ಮಾಡುವವು, ಆಂಟಿವೈರಸ್, ಕ್ಲೌಡ್ ಸ್ಟೋರೇಜ್ ಎಲ್ಲವೂ ತಮ್ಮದೊಂದೊಂದು ಸಾಲನ್ನು ಅಲ್ಲಿ ಸೇರಿಸುತ್ತವೆ. ರೈಟ್ ಕ್ಲಿಕ್ ಮಾಡಿದಾಗ ವಿಂಡೋಸ್ ಅವನ್ನೆಲ್ಲ ಕೇಳಿಕೊಂಡು ಬರಬೇಕು. ಬೇಡದ ಸಾಲುಗಳನ್ನು ಆಯಾ ಪ್ರೋಗ್ರಾಮಿನ ಒಳಗೇ ತೆಗೆಯಬಹುದು. ವಿನ್‌ರಾರ್ ಆದರೆ ಆಪ್ಷನ್ಸ್, ಸೆಟ್ಟಿಂಗ್ಸ್, ಇಂಟಿಗ್ರೇಶನ್. 7-ಜಿಪ್ ಆದರೆ ಟೂಲ್ಸ್, ಆಪ್ಷನ್ಸ್.

ಇನ್ನು ನಿಮ್ಮಂಥ ಅಂಗಡಿಗೆ ಹೆಚ್ಚು ಉಪಯೋಗಕ್ಕೆ ಬರುವುದು, ಆದರೆ ಹೆಚ್ಚಿನವರು ಮುಟ್ಟದೇ ಬಿಟ್ಟಿರುವುದು ಹಳೆಯ ಉದ್ದದ ಮೆನುವಿನಲ್ಲಿರುವ 'ಸೆಂಡ್ ಟು'. ಸ್ಕ್ಯಾನ್ ಮಾಡಿದ ಪ್ರತಿಯನ್ನು ಒಂದೇ ಏಟಿಗೆ ಬೇಕಾದ ಫೋಲ್ಡರಿಗೆ ಕಳಿಸಲು ಇದು ಸಾಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ 'ಶೆಲ್', ಒಂದು ಕೋಲನ್, 'ಸೆಂಡ್‌ಟು' ಇಷ್ಟನ್ನೂ ನಡುವೆ ಜಾಗ ಬಿಡದೆ (shell:sendto) ಟೈಪ್ ಮಾಡಿ ಎಂಟರ್ ಕೊಡಿ. ತೆರೆದ ಫೋಲ್ಡರಿನೊಳಗೆ ನಿಮಗೆ ಬೇಕಾದ ಫೋಲ್ಡರುಗಳ ಶಾರ್ಟ್‌ಕಟ್ ಹಾಕಿ: 'ಇಂದಿನ ಅರ್ಜಿ', 'ಪ್ರಿಂಟ್ ಬಾಕಿ' ಹೀಗೆ. ಇಲ್ಲಿ ಎಡವುವ ಜಾಗವೊಂದಿದೆ. ಫೈಲೂ ಫೋಲ್ಡರೂ ಒಂದೇ ಡ್ರೈವಿನಲ್ಲಿದ್ದರೆ ಸೆಂಡ್ ಟು ಫೈಲನ್ನು ನಕಲು ಮಾಡುವುದಿಲ್ಲ, ಅಲ್ಲಿಗೇ ಸಾಗಿಸಿಬಿಡುತ್ತದೆ. ಪೆನ್‌ಡ್ರೈವ್‌ನಂಥ ಬೇರೆ ಡ್ರೈವ್ ಆದರೆ ಮಾತ್ರ ನಕಲು. 'ಫೈಲ್ ಮಾಯವಾಯ್ತು' ಎಂದು ಗಾಬರಿಯಾಗುವುದು ಇಲ್ಲೇ. ಮೂಲ ಫೈಲು ಇದ್ದಲ್ಲೇ ಇರಬೇಕಾದರೆ, ಫೋಲ್ಡರಿನ ಹೆಸರು ಒತ್ತುವಾಗ ಕಂಟ್ರೋಲ್ ಕೀ ಹಿಡಿದಿರಿ.

ಪ್ರಿಂಟ್ ವಿಷಯಕ್ಕೂ ಒಂದು ಮಾತು. 15ಕ್ಕಿಂತ ಹೆಚ್ಚು ಫೈಲುಗಳನ್ನು ಒಟ್ಟಿಗೆ ಆಯ್ಕೆ ಮಾಡಿ ರೈಟ್ ಕ್ಲಿಕ್ ಮಾಡಿದರೆ ಮೆನುವಿನಲ್ಲಿ ಓಪನ್, ಪ್ರಿಂಟ್ ಎರಡೂ ಕಾಣುವುದಿಲ್ಲ. ಅದು ಕೆಟ್ಟಿದ್ದರಿಂದಲ್ಲ, ತಪ್ಪಿ ನೂರಾರು ಫೈಲು ಒಟ್ಟಿಗೆ ತೆರೆದುಕೊಳ್ಳದಿರಲಿ ಎಂದು ವಿಂಡೋಸ್ ಇಟ್ಟಿರುವ ಮಿತಿ. ಹದಿನೈದರಂತೆ ಕಂತಿನಲ್ಲಿ ಕೊಡಿ.

ಸ್ಟಾರ್ಟ್ ಬಟನ್ ಎಡಕ್ಕೆ ತರುವುದು ಸುಲಭ. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್. ಅಲ್ಲಿ ಅಲೈನ್‌ಮೆಂಟ್ 'ಲೆಫ್ಟ್' ಮಾಡಿ. ಅದೇ ಪುಟದಲ್ಲಿ ಬಟನ್‌ಗಳನ್ನು ಕಂಬೈನ್ ಮಾಡುವ ಆಯ್ಕೆಯನ್ನು 'ನೆವರ್' ಮಾಡಿದರೆ ತೆರೆದ ಪ್ರತಿ ಕಿಟಕಿಯ ಹೆಸರೂ ಕೆಳಗಡೆ ಕಾಣುತ್ತದೆ. ಒಟ್ಟಿಗೆ ನಾಲ್ಕು ಜನರ ಅರ್ಜಿ ತೆರೆದಿಟ್ಟು ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಒಬ್ಬರ ಅರ್ಜಿಗೆ ಇನ್ನೊಬ್ಬರ ದಾಖಲೆ ಸೇರುವ ಅನಾಹುತ ಎಷ್ಟೋ ತಪ್ಪುತ್ತದೆ.

ಸ್ಟಾರ್ಟ್ ಮೆನುವಿನೊಳಗೆ ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಪಿನ್' ಕೊಡಿ, ಬೇಕಾದ್ದನ್ನು ಎಳೆದು ಮೊದಲ ಸಾಲಿಗೆ ತನ್ನಿ. 'ರೆಕಮೆಂಡೆಡ್' ಭಾಗದಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಹೆಸರು ಬರುತ್ತದೆ. ಕೌಂಟರಿನ ಆಚೆ ನಿಂತವರಿಗೂ ಪರದೆ ಕಾಣುವಂತಿದ್ದರೆ ಅದನ್ನು ಆಫ್ ಮಾಡುವುದು ಒಳ್ಳೆಯದು. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್ ಒಳಗಿದೆ. ಆದರೆ ಆ ಸ್ವಿಚ್‌ನ ಹೆಸರನ್ನು ಪೂರ್ತಿ ಓದಿ. ಟಾಸ್ಕ್‌ಬಾರಿನಲ್ಲಿ ಎಕ್ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಇತ್ತೀಚಿನ ಫೈಲುಗಳ ಪಟ್ಟಿಯೂ ಅದರ ಜೊತೆಗೇ ಹೋಗಿಬಿಡುತ್ತದೆ. ಆ ಪಟ್ಟಿಯಿಂದಲೇ ಕೆಲಸ ನಡೆಸುವವರು ಪರದೆಯನ್ನು ಸ್ವಲ್ಪ ತಿರುಗಿಸಿಟ್ಟುಕೊಂಡು ಸ್ವಿಚ್ ಆನ್ ಇರಲು ಬಿಡಿ.

ಭೂಮಿ, ನಾಡಕಚೇರಿ, ಸೇವಾ ಸಿಂಧು ತಾಣಗಳನ್ನು ಪ್ರತಿ ಸಲ ಗೂಗಲ್‌ನಲ್ಲಿ ಹುಡುಕಬೇಡಿ; ಅದೇ ಹೆಸರು ಹಾಕಿಕೊಂಡ ಬೇರೆ ತಾಣಕ್ಕೆ ಹೋಗಿ ಬೀಳುವ ಅಪಾಯವಿದೆ. ತಾಣ ತೆರೆದು, ವಿಳಾಸದ ಎಡಗಡೆ ಇರುವ ಚಿಕ್ಕ ಗುರುತನ್ನು ಹಿಡಿದು ಡೆಸ್ಕ್‌ಟಾಪಿಗೆ ಎಳೆಯಿರಿ, ಶಾರ್ಟ್‌ಕಟ್ ಸಿದ್ಧ. ಎಳೆಯಬೇಕಾದ್ದು ಮೊದಲ ಪುಟವನ್ನು. ಲಾಗಿನ್ ಆದ ಮೇಲಿನ ಪುಟವನ್ನು ಇಟ್ಟುಕೊಂಡರೆ ಮಾರನೇ ದಿನ ಒತ್ತಿದಾಗ 'ಸೆಷನ್ ಎಕ್ಸ್‌ಪೈರ್ಡ್' ಎನ್ನುತ್ತದೆ. ಶಾರ್ಟ್‌ಕಟ್‌ನ ಹೆಸರನ್ನು ಕನ್ನಡದಲ್ಲೇ ಇಡಬಹುದು. ಎಫ್2 ಒತ್ತಿ 'ಪಹಣಿ' ಎಂದು ಟೈಪ್ ಮಾಡಿ.

ಎಲ್ಲ ಜೋಡಿಸಿಯಾದ ಮೇಲೆ ಕಂಪ್ಯೂಟರನ್ನು ಒಮ್ಮೆ ಸರಿಯಾಗಿ ರೀಸ್ಟಾರ್ಟ್ ಮಾಡಿ. ಅದಕ್ಕೆ ಮೊದಲೇ ಕರೆಂಟು ಹೋದರೆ ಐಕಾನುಗಳ ಹೊಸ ಜೋಡಣೆ ಉಳಿಯದೆ ಹೋಗಬಹುದು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ವ್ಯೂ' ಒಳಗೆ 'ಆಟೋ ಅರೇಂಜ್ ಐಕಾನ್ಸ್' ಗುರುತು ತೆಗೆಯಿರಿ, ಇಲ್ಲದಿದ್ದರೆ ನೀವಿಟ್ಟಲ್ಲಿ ಐಕಾನು ನಿಲ್ಲುವುದಿಲ್ಲ. ಅದರ ಹತ್ತಿರವೇ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಇದೆ. ಕೈ ತಪ್ಪಿ ಅದರ ಗುರುತು ಹೋದರೆ ಡೆಸ್ಕ್‌ಟಾಪ್ ಪೂರ್ತಿ ಖಾಲಿ ಕಾಣುತ್ತದೆ. ಫೈಲುಗಳೇನೂ ಅಳಿಸಿರುವುದಿಲ್ಲ, ಮತ್ತೆ ಗುರುತು ಹಾಕಿದರೆ ಎಲ್ಲವೂ ಬರುತ್ತವೆ.